ಸೊಂಟಕ್ಕೆ ಕಟ್ಟಿದ ಗಂಟೆ

ಮಗಳು ಗುಬ್ಬಿಯ ತಲೆ ಬಾಚುತ್ತಿದ್ದೆ. ಒಂದು ಜಡೆ ಮುಗಿದಿತ್ತು. ಇನ್ನೊಂದರ ಎಳೆಗಳು ಬೆರಳ ಸಂದಿಯಲ್ಲಿದ್ದವು. ಆಗ ಬಾಗಿಲಲ್ಲಿ ಯಾರೋ ಕೆಮ್ಮಿದರು.

ನಮ್ಮ ಸೂಪರ್‌ವೈಸರ್. ಅವರು ಎಂದೂ ನಮ್ಮ ಮನೆಗೆ ಬಂದವರಲ್ಲ. ನಮ್ಮ ಓಣಿಗೇ ಕಾಲಿಟ್ಟವರಲ್ಲ. ಬಯ್ಯುವುದಿದ್ದರೆ ಫೋನಿನಲ್ಲೇ ಬಯ್ಯುತ್ತಿದ್ದರು. ಅವರ ಬೆನ್ನ ಹಿಂದಿನಿಂದ ಕತ್ತು ಬಗ್ಗಿಸಿ ಒಳಗೆ ಇಣುಕುತ್ತಿದ್ದವರು ಮೇಡಂ.

ನಾನು ಗುಡಿಸಿ ಒರೆಸುವ ಹಳೆಯ ಕಟ್ಟಡವನ್ನು ಹೊಸದು ಮಾಡಿಸುತ್ತಿರುವವರು ಈ ಮೇಡಂ. ನಮ್ಮ ಊರಿನ ಅತಿ ಹಳೆಯ ಕಟ್ಟಡ ಅದು. ಮೊದಲು ಅಲ್ಲಿ ಉಳ್ಳವರು ಬಾಡಿಗೆಗಿದ್ದರು, ಒಂದೊಂದು ಮಹಡಿಗೆ ಒಂದೊಂದು ಸಂಸಾರ. ಆಮೇಲೆ ಕಚೇರಿಗಳು ಬಂದವು. ಆಮೇಲೆ ಪಾರಿವಾಳಗಳು. ಈಗ ಪಾರಂಪರಿಕ ಕಟ್ಟಡ ಎಂಬ ಫಲಕ ಬಂದಿದೆ. ಮುಂದೆ ಅಗಲವಾದ ಕಲ್ಲಿನ ಮೆಟ್ಟಿಲು. ಹಿಂದೆ, ಗೋಡೆಗೆ ಅಂಟಿಕೊಂಡು ಸುತ್ತುತ್ತಾ ಮೇಲೇರುವ ಕಬ್ಬಿಣದ ಮೆಟ್ಟಿಲು. ಪ್ರತಿ ಮಹಡಿಯಲ್ಲಿ ಆ ಮೆಟ್ಟಿಲಿಗೆ ಒಂದು ಗಿಡ್ಡ ಬಾಗಿಲು. ತಲೆ ಬಗ್ಗಿಸದೆ ಯಾರೂ ಅದರೊಳಗೆ ಹೋಗಲಾರರು.

ಮೇಡಂ ನಮ್ಮ ಊರಿಗೆ ಆಟ ಕಲಿಸಲು ಬಂದವರು. ಬೀದಿದೀಪದ ಕಂಬಗಳಿಗೆ ಉಯ್ಯಾಲೆ ಕಟ್ಟಿಸಿದ್ದಾರೆ. ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತರೆ ಅದು ಕಪ್ಪೆಯ ಹಾಗೆ ವಟಗುಟ್ಟುತ್ತದೆ. ಕೆಲಸ ಮುಗಿಸಿ ಸುಸ್ತಾಗಿ ಕೂತವರು ಬೆಚ್ಚಿ ಎದ್ದು ನಿಲ್ಲುತ್ತಾರೆ. ಈಗ ಆ ಹಿಂದಿನ ಮೆಟ್ಟಿಲಿನ ಸರದಿ. ಒಂದೊಂದು ಮೆಟ್ಟಿಲಿಗೂ ಒಂದೊಂದು ಬಣ್ಣ ಬಳಿಸಿದ್ದಾರೆ. ಅಡಿಯಲ್ಲಿ ಗಂಟೆ ಕಟ್ಟಿಸಿದ್ದಾರೆ. ಕಾಲಿಟ್ಟರೆ ಕಿಣಿಕಿಣಿ. ಪಕ್ಕದಲ್ಲಿ ಮಕ್ಕಳು ಇಳಿಯಲು ಜಾರುಬಂಡೆ.

"ಅಜ್ಜಿ ಇದಾರಾ?" ಎಂದು ಕೇಳುತ್ತಲೇ ಮೇಡಂ ಒಳಗೆ ಬಂದರು.

ನಾನು ನಾಚಿಕೆಯಿಂದ ಕುಗ್ಗಿಹೋದೆ. ಹಾಸಿಗೆ ಸುತ್ತಿರಲಿಲ್ಲ. ತಲೆಯ ಮೇಲೆ ಹಗ್ಗಕ್ಕೆ ನೇತುಹಾಕಿದ್ದ ಒಳಬಟ್ಟೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಮೇಡಂ ಅದ್ಯಾವುದನ್ನೂ ನೋಡದವರ ಹಾಗೆ ನೆಲದ ಮೇಲೆಯೇ ಕೂತುಬಿಟ್ಟರು. ಸೂಪರ್‌ವೈಸರ್ ಮಾತ್ರ ಹೊಸ್ತಿಲ ಹೊರಗೇ ನಿಂತರು.

ಅತ್ತೆ ಮೂಲೆಯಲ್ಲಿ ಮೊರ ಇಟ್ಟುಕೊಂಡು ಕಾಳಿನಲ್ಲಿ ಕಲ್ಲು ಆರಿಸುತ್ತಿದ್ದರು. ಮೇಡಂ ಚೀಲದಿಂದ ಒಂದು ಡಬ್ಬಿ ತೆಗೆದು ಅವರ ಮುಂದೆ ಬಿಚ್ಚಿದರು. ಒಳಗೆ ಹತ್ತಿಯ ಮೇಲೆ ಪುಟ್ಟ ಹಿತ್ತಾಳೆ ಗಂಟೆ. ಹಸಿರು ಕಿಲುಬು ಹಿಡಿದಿತ್ತು. ಅದರ ಕಿವಿಯಲ್ಲಿ ಹಳೆಯ ಬಟ್ಟೆಯ ಚೂರೊಂದು ಗಂಟು ಬಿದ್ದು ಕಲ್ಲಾಗಿತ್ತು.

"ಮೆಟ್ಟಿಲ ಕೆಳಗಿನ ಗೂಡಲ್ಲಿ ಸಿಕ್ತು. ಗೊತ್ತಾಯ್ತಾ ಅಜ್ಜಿ?"

ಅತ್ತೆಯ ಬೆರಳು ಮೊರದಲ್ಲಿ ನಿಂತಿತು. ಆ ಕೈ ಮೆಲ್ಲಗೆ ಎದ್ದು ಅವರ ಸೊಂಟಕ್ಕೆ ಹೋಯಿತು. ಅಲ್ಲೇ ಒತ್ತಿಕೊಂಡಿತು.

"ಕಣ್ಣು ಸರಿಯಾಗಿ ಕಾಣಲ್ಲಮ್ಮ," ಎಂದರು. ಸಾಸಿವೆಯಷ್ಟು ಕಲ್ಲನ್ನು ಹೆಕ್ಕುತ್ತಿದ್ದ ಮನುಷ್ಯೆ!

ಮೇಡಂ ನಕ್ಕರು. "ನೀವು ಆ ಕಟ್ಟಡದಲ್ಲಿ ಕೆಲಸ ಮಾಡ್ತಿದ್ರಿ ಅಂತ ಇವರು ಹೇಳಿದ್ರು. ಆ ಮೆಟ್ಟಿಲು ನಿಮ್ಮದೇ ಅಜ್ಜಿ. ಉದ್ಘಾಟನೆ ದಿನ ಮೊದಲು ಹತ್ತೋರು ನೀವೇ ಆಗಬೇಕು. ಗಂಟೆ ಬಾರಿಸ್ಕೊಂಡು!"

ಗುಬ್ಬಿ ನನ್ನ ಮಂಡಿಯ ಮಧ್ಯದಿಂದ ಜಿಗಿದಳು. "ನಮ್ಮಜ್ಜಿನಾ? ಎಲ್ಲರಿಗಿಂತ ಮೊದಲಾ?"

"ಹೂಂ ಪುಟ್ಟಿ. ಆ ಮೆಟ್ಟಿಲಿಗೆ ನಿಮ್ಮಜ್ಜಿನೇ ರಾಣಿ."

ಗುಬ್ಬಿಯ ಮುಖ ಅರಳಿತು. "ಅಜ್ಜೀ, ನೀನು ಅಲ್ಲಿ ಏನ್—"

ನಾನು ಜಡೆ ಎಳೆದೆ. ಬೇಕೆಂದೇ ಜೋರಾಗಿ ಎಳೆದೆ.

"ಅಯ್ಯೋ ಅಮ್ಮಾ!"

"ಸುಮ್ನೆ ಕೂರು. ಅಲ್ಲಾಡಿದ್ರೆ ಹಂಗೇ ಆಗೋದು."

ಅವಳ ಕಣ್ಣಲ್ಲಿ ನೀರು ತುಂಬಿತು. ಮಾತು ಅಲ್ಲಿಗೇ ನಿಂತಿತು. ನನಗೆ ಬೇಕಾಗಿದ್ದೂ ಅದೇ.

ಹೊರಡುವಾಗ ಸೂಪರ್‌ವೈಸರ್ ನನ್ನನ್ನು ಪಕ್ಕಕ್ಕೆ ಕರೆದರು. "ಇಲ್ಲ ಆಗಲ್ಲ ಅಂತ ರಾಗ ತೆಗೀಬೇಡಮ್ಮ. ಹೊಸ ಗುತ್ತಿಗೆ ಬರ್ತಿದೆ. ಯಾರು ಉಳೀತಾರೆ ಯಾರು ಹೋಗ್ತಾರೆ, ಎಲ್ಲಾ ಮೇಡಂ ಬಾಯಲ್ಲಿದೆ."

ನಾನು ತಲೆ ಆಡಿಸಿದೆ. ಅತ್ತೆಯನ್ನು ಕೇಳಲೂ ಇಲ್ಲ.

*

ನನ್ನ ಕೆಲಸ ಶುರುವಾಗುವುದು ಮುಂದಿನ ಕಲ್ಲಿನ ಮೆಟ್ಟಿಲಿನಿಂದ. ಆದರೆ ಆ ಮೆಟ್ಟಿಲನ್ನು ಹತ್ತಿ ಮೇಲೆ ಹೋಗುವಂತಿಲ್ಲ. ಕೆಲಸದವರು ಹಿಂಬಾಗಿಲಿಂದ ಒಳಗೆ ಬಂದು, ಸಾಮಾನು ಕೋಣೆ ದಾಟಿ, ಮೇಲಿನಿಂದ ಬರಬೇಕು. ಮೇಲಿನ ಮೆಟ್ಟಿಲಿನಲ್ಲಿ ಮಂಡಿಯೂರಿ ಉಜ್ಜಬೇಕು. ಒಂದೊಂದೇ ಮೆಟ್ಟಿಲು ಹಿಂದಕ್ಕೆ ಇಳಿಯಬೇಕು. ಮುಖ ಕಟ್ಟಡದ ಕಡೆ, ಬೆನ್ನು ಬೀದಿಯ ಕಡೆ. ಕೆಳಗೆ ಮುಟ್ಟುವ ಹೊತ್ತಿಗೆ ಮಂಡಿಯ ಚರ್ಮ ನೀರಿನಲ್ಲಿ ನೆನೆದು ಬೆಳ್ಳಗೆ ಸುಕ್ಕಾಗಿರುತ್ತದೆ. ಮೇಲೆ ನೋಡಿದರೆ ಮೆಟ್ಟಿಲೆಲ್ಲಾ ಹೊಳೆಯುತ್ತಿರುತ್ತದೆ. ಅದರ ಮೇಲೆ ನನ್ನ ಹೆಜ್ಜೆಯ ಗುರುತು ಒಂದೂ ಇರುವುದಿಲ್ಲ. ಆಮೇಲೆ ಬಕೆಟ್ಟು ಎತ್ತಿಕೊಂಡು ಕಟ್ಟಡವನ್ನು ಸುತ್ತಿ ಮತ್ತೆ ಹಿಂಬಾಗಿಲಿಗೆ.

ನನ್ನ ಜೊತೆ ಕಿಟಕಿ ಒರೆಸುವವಳು ಒಬ್ಬಳಿದ್ದಾಳೆ. ಬಾಯಿಗೆ ಬೀಗವಿಲ್ಲ. "ಏನೇ, ನಿಮ್ಮತ್ತೆ ರಾಣಿಯಂತೆ? ಹಂಗಿದ್ರೆ ನೀನು ರಾಣಿ ಸೊಸೆ. ಕಕ್ಕಸು ತೊಳೆಯೋ ಪಾಳಿ ನಾಳೆಯಿಂದ ನನಗೇ ಬಿತ್ತು ಬಿಡು," ಎಂದು ಬ್ರಷ್ಷು ಹಿಡಿದು ಬಗ್ಗಿ ನಮಸ್ಕಾರ ಮಾಡಿದಳು. ನಾನೂ ನಕ್ಕೆ. ನಗುವಾಗ ಕಿವಿ ಬಿಸಿಯಾಯಿತು. ಅತ್ತೆ ಅಲ್ಲಿ ಏನು ಮಾಡುತ್ತಿದ್ದರು ಎಂಬುದು ಅವಳಿಗೂ ಗೊತ್ತು. ಇಡೀ ಓಣಿಗೆ ಗೊತ್ತು. ಗೊತ್ತಿಲ್ಲದವಳು ಗುಬ್ಬಿ ಒಬ್ಬಳೇ.

ಗೊತ್ತಾಗಬಾರದು ಎಂಬುದು ನನ್ನ ಗಂಡನ ಹಟ. ಅವರು ಸಾಮಾನು ಗಾಡಿ ಓಡಿಸುತ್ತಾರೆ. ಸಂಜೆ ಬಂದವರಿಗೆ ವಿಷಯ ಹೇಳಿದೆ. ಗಾಡಿಯ ಬೀಗದ ಕೈಯನ್ನು ಗೋಡೆಗೆ ಎಸೆದರು.

"ಅಮ್ಮಾ, ನೀನು ಹೋಗಬೇಡ. ಸ್ಕೂಲಲ್ಲಿ ನಾನು ಪಟ್ಟಿದ್ದು ಸಾಕು. ನಾನು ಕ್ಲಾಸಿಗೆ ಬಂದ ತಕ್ಷಣ ಇಡೀ ಬೆಂಚು ಮೂಗು ಹಿಡ್ಕೊಳ್ಳೋದು. ಮೇಷ್ಟ್ರೂ ನಗೋರು. ಗುಬ್ಬಿಗೆ ಅದೆಲ್ಲಾ ಬೇಡ."

"ಹೋಗ್ದೆ ಇದ್ರೆ ಯಾಕಜ್ಜಿ ಅಂತ ಕೇಳ್ತಾಳೆ ಕಣೋ," ಎಂದರು ಅತ್ತೆ. "ಹೋದ್ರೆ ಕೇಳಲ್ಲ. ಹತ್ತಿ ಇಳಿದು ಬಂದ್ಬಿಡ್ತೀನಿ. ಅಲ್ಲಿಗೆ ಮುಗೀತು."

ನನ್ನ ಗಂಡ ಊಟಕ್ಕೆ ಕೂತು, ಕಲಸಿದ ಅನ್ನವನ್ನು ಹಾಗೇ ಬಿಟ್ಟು ಎದ್ದರು.

ಗುಬ್ಬಿ ಮೂಲೆಯಲ್ಲಿ ಚಿತ್ರ ಬರೆಯುತ್ತಿದ್ದಳು. ಸುತ್ತು ಸುತ್ತಿನ ಮೆಟ್ಟಿಲು. ಅದರ ಮೇಲೆ ಕಿರೀಟ ಹಾಕಿಕೊಂಡ ಅಜ್ಜಿ. ಅಜ್ಜಿಯ ಎರಡು ಕೈಗಳು ಗಾಳಿಯಲ್ಲಿ ಖಾಲಿ ನಿಂತಿದ್ದವು.

"ಅಮ್ಮಾ, ಅಜ್ಜಿ ಕೈಯಲ್ಲಿ ಏನ್ ಬರೀಲಿ?"

ಪಾತ್ರೆ ಉಜ್ಜುತ್ತಿದ್ದವಳು ತಿರುಗಲಿಲ್ಲ. "ಹೂವು ಬರಿ."

"ಅಜ್ಜಿ ಹೂವು ತಗೊಂಡು ಹೋಗ್ತಿದ್ರಾ?"

"ಬರಿ ಅಂದ್ನಲ್ಲ."

ಅವಳು ಬರೆದಳು. ಕೆಂಪು ಬಣ್ಣ ಒತ್ತಿ ಒತ್ತಿ ತುಂಬಿದಳು. ಅವಳು ಪೆದ್ದಿ ಅಲ್ಲ. ಬರೆಯುತ್ತಾ ಒಮ್ಮೆ ಅಜ್ಜಿಯನ್ನು ನೋಡಿದಳು, ಒಮ್ಮೆ ನನ್ನ ಬೆನ್ನನ್ನು ನೋಡಿದಳು. ನೋಡಿದ್ದು ನನ್ನ ಬೆನ್ನಿಗೆ ಗೊತ್ತಾಯಿತು.

*

ಉದ್ಘಾಟನೆಯ ಹಿಂದಿನ ದಿನ ಅತ್ತೆಗೆ ಸ್ನಾನ ಮಾಡಿಸಿದೆ. ಬೆನ್ನು ಉಜ್ಜಲು ಅವರ ಕೈ ಈಗ ಹಿಂದಕ್ಕೆ ಹೋಗುವುದಿಲ್ಲ. ಎಡ ಸೊಂಟದ ಮೇಲೆ ಅಂಗೈ ಅಗಲದ ಕಪ್ಪು ಕಲೆ. ಚರ್ಮ ಅಲ್ಲಿ ದಪ್ಪಗಾಗಿದೆ, ಹಿಮ್ಮಡಿಯ ಹಾಗೆ. ಮದುವೆಯಾಗಿ ಬಂದಾಗಿನಿಂದ ನೋಡುತ್ತಿದ್ದೇನೆ. ಬಕೆಟ್ಟಿನ ಅಂಚು ಕೂರುತ್ತಿದ್ದ ಜಾಗ.

"ಆ ಗಂಟೆ ನಿಮ್ದೇನಾ?" ಎಂದು ಕೇಳಿದೆ.

ಅತ್ತೆ ನೀರನ್ನು ನೋಡುತ್ತಾ ಹೇಳಿದರು. "ನಂದೋ, ನಮ್ಮತ್ತೇದೋ. ಎಲ್ಲಾ ಒಂದೇ ತರ ಇದ್ವು. ಒಂದು ಕೈ ಕಂಬಿಗೆ, ಒಂದು ಕೈ ಬಕೆಟ್ಟಿಗೆ. ಬಾರಿಸೋಕೆ ಕೈ ಎಲ್ಲಿಂದ ತರೋದು? ಅದಕ್ಕೇ ಸೊಂಟಕ್ಕೆ ಕಟ್ಟೋರು, ಹಸುವಿಗೆ ಕಟ್ಟಿದಂಗೆ. ಸದ್ದು ಕೇಳಿದ ಕೂಡ್ಲೆ ಮೇಲೆಲ್ಲಾ ಕಿಟಕಿ ಟಪ್ ಟಪ್ ಅಂತ ಮುಚ್ಕೊಳ್ಳೋವು. ಮಕ್ಕಳನ್ನ ಒಳಗೆ ಎಳ್ಕೊಳ್ಳೋರು."

"ಎದುರಿಗೆ ಯಾರಾದ್ರೂ ಬಂದ್ರೆ?"

"ಗೋಡೆ ಕಡೆ ಮುಖ ಮಾಡಿ ನಿಲ್ಬೇಕು. ಅವರು ದಾಟಿ ಹೋಗೋ ತನಕ. ಬಕೆಟ್ ಇಳಿಸೋ ಹಂಗಿಲ್ಲ, ಮೆಟ್ಟಿಲು ಮೈಲಿಗೆ ಆಗ್ತದಂತೆ. ಮಳೇಲಿ ಕಬ್ಬಿಣ ಜಾರೋದು. ಜಾರಿದ್ರೆ ನಾವು ಬೀಳ್ಬೇಕು, ಬಕೆಟ್ ಬೀಳ್ಬಾರ್ದು. ಬೇಸಿಗೇಲಿ ಬಕೆಟ್ಟಲ್ಲಿದ್ದದ್ದು ಕರಗಿ ಮೈಮೇಲೆ ಇಳಿಯೋದು. ಮೊಣಕೈ ತನಕ."

"ಇವರು ಹೊಟ್ಟೇಲಿದ್ದಾಗ?"

"ಬಕೆಟ್ಟನ್ನ ಸ್ವಲ್ಪ ಹಿಂದಕ್ಕೆ ಸರಿಸ್ಕೊಂಡೆ, ಅಷ್ಟೆ." ಅತ್ತೆ ಇದ್ದಕ್ಕಿದ್ದಂತೆ ನಕ್ಕರು. ಹಲ್ಲಿಲ್ಲದ ಬಾಯಿ ತುಂಬ ನಕ್ಕರು. "ಆದ್ರೂ ಆ ಹುಡುಗಿ ರಾಣಿ ಅಂದಿದ್ದು ಸುಳ್ಳಲ್ಲ ಕಣೇ. ನಾನು ಬರ್ತಿದ್ದೀನಿ ಅಂದ್ರೆ ಇಡೀ ಮನೆ ಎದ್ದು ಓಡೋದು. ಯಾವ ರಾಣಿಗೆ ಹಂಗೆ ದಾರಿ ಬಿಡ್ತಾರೆ?"

ನಾನೂ ನಕ್ಕುಬಿಟ್ಟೆ. ಇಬ್ಬರೂ ಒದ್ದೆಯಾಗಿ ನಕ್ಕೆವು. ಬೆನ್ನು ಒರೆಸಿ, ಬಟ್ಟೆ ಹಾಕಿ, ಅವರನ್ನು ಕೂರಿಸಿದೆ. ಹಿಂದಿರುಗಿ ಬಚ್ಚಲು ತೊಳೆಯುವಾಗ, ನನಗೇ ಗೊತ್ತಿಲ್ಲದಂತೆ, ನನ್ನ ಕೈ ನನ್ನ ಮೂಗಿನ ಹತ್ತಿರ ಬಂದಿತ್ತು.

ಸೋಪಿನ ವಾಸನೆ. ಬೇರೆ ಏನೂ ಇರಲಿಲ್ಲ. ಏನಿರಬೇಕಿತ್ತು? ಯಾವ ವಾಸನೆಯನ್ನು ಹುಡುಕಿದೆ ನಾನು? ಬಚ್ಚಲಲ್ಲೇ ಕುಕ್ಕರುಗಾಲಿನಲ್ಲಿ ಕೂತೆ. ನನ್ನ ಗಂಡನ ಕ್ಲಾಸಿನ ಇಡೀ ಬೆಂಚು ನನ್ನೊಳಗೇ ಕೂತಿತ್ತು, ಮೂಗು ಹಿಡಿದುಕೊಂಡು.

*

ಉದ್ಘಾಟನೆಯ ದಿನ ನನ್ನ ಗಂಡ ಬರಲಿಲ್ಲ. ಗಾಡಿಗೆ ಬಾಡಿಗೆ ಇದೆ ಎಂದರು.

ಹಿಂದಿನ ಅಂಗಳ ತುಂಬ ಜನ. ಗುಬ್ಬಿಯ ಶಾಲೆಯ ಮಕ್ಕಳನ್ನೂ ಕರೆದುಕೊಂಡು ಬಂದಿದ್ದರು. ಸಾಲಿನಲ್ಲಿ ನಿಂತ ಗುಬ್ಬಿ ಅಕ್ಕಪಕ್ಕದವರಿಗೆಲ್ಲ ಅಜ್ಜಿಯನ್ನು ತೋರಿಸುತ್ತಿದ್ದಳು. ನಾನು ಪೊರಕೆ ಹಿಡಿದು ಗೋಡೆಯ ಪಕ್ಕ ನಿಂತಿದ್ದೆ. ಸೂಪರ್‌ವೈಸರ್ ನನ್ನನ್ನು ನಿಲ್ಲಿಸಿದ್ದ ಜಾಗ ಅದು. ಮೇಲೆ ಎಲ್ಲಾ ಮಹಡಿಗಳ ಕಿಟಕಿಗಳೂ ತೆರೆದಿದ್ದವು. ಅತಿಥಿಗಳು ಮೊಣಕೈ ಊರಿಕೊಂಡು ಕೆಳಗೆ ನೋಡುತ್ತಿದ್ದರು. ಅವರಲ್ಲಿ ಕೆಲವರ ಅಜ್ಜ ಅಜ್ಜಿ ಇದೇ ಕಟ್ಟಡದಲ್ಲಿ ವಾಸವಿದ್ದವರಂತೆ. ಅದಕ್ಕೇ ಅವರನ್ನು ಕರೆದಿದ್ದರು. ಅವರು ಮುಂದಿನ ಮೆಟ್ಟಿಲಿನಿಂದ ಹತ್ತಿ ಹೋಗಿದ್ದರು.

ಮೇಡಂ ಮೈಕಿನಲ್ಲಿ ಹೇಳಿದರು. "ಇದು ಈ ಮನೆಯ ಗುಟ್ಟಿನ ಮೆಟ್ಟಿಲು ಮಕ್ಕಳೇ. ಹಾಲು, ಹಣ್ಣು, ಹೂವು, ಎಲ್ಲಾ ಈ ದಾರೀಲೇ ಮೇಲೆ ಹೋಗ್ತಿತ್ತು. ಗಂಟೆ ಕೇಳಿದ್ರೆ ಸಾಕು, ಮನೆಯವರೆಲ್ಲಾ ಖುಷಿಯಿಂದ ಕಾಯ್ತಾ ನಿಲ್ಲೋರು!"

ಮಕ್ಕಳು ಚಪ್ಪಾಳೆ ತಟ್ಟಿದರು. ಗುಬ್ಬಿ ನನ್ನ ಕಡೆ ತಿರುಗಿ, ನೋಡಿದ್ಯಾ, ಹೂವೇ, ಎಂಬಂತೆ ಹುಬ್ಬು ಎತ್ತಿದಳು. ನಾನು ನೆಲ ನೋಡಿದೆ. ಮೇಡಂ ಸುಳ್ಳು ಹೇಳುವ ಮೊದಲೇ ಅದೇ ಸುಳ್ಳನ್ನು ನಾನು ಹೇಳಿದ್ದೆ.

ಆಮೇಲೆ ಬಕೆಟ್ಟು ತಂದರು.

ಹೊಸ ಬಕೆಟ್ಟು. ಹಳದಿ ಬಣ್ಣ, ಮೇಲೆ ಚಿಟ್ಟೆಗಳ ಚಿತ್ರ. ಒಳಗೆ ಬಣ್ಣದ ಕಾಗದದ ಚಾಕೊಲೇಟು ತುಂಬಿ ತುಳುಕುತ್ತಿತ್ತು. "ಅಜ್ಜಿ ಇದನ್ನ ತಗೊಂಡು ಮೇಲೆ ಹೋಗ್ತಾರೆ. ಅಲ್ಲಿಂದ ನಿಮಗೆಲ್ಲಾ ಎಸೀತಾರೆ!" ಮೇಡಂ ಬಗ್ಗಿ, ಉಜ್ಜಿ ಹೊಳಪು ಮಾಡಿದ್ದ ಆ ಹಿತ್ತಾಳೆ ಗಂಟೆಯನ್ನು ಕೆಂಪು ರಿಬ್ಬನ್ನಿನಿಂದ ಅತ್ತೆಯ ಸೊಂಟಕ್ಕೆ ಕಟ್ಟಿದರು.

ಸೊಂಟಕ್ಕೆ. ಕೈಗೆ ಕೊಡಲಿಲ್ಲ, ಕಂಬಿಗೆ ತೂಗುಹಾಕಲಿಲ್ಲ. ಸರಿಯಾಗಿ ಸೊಂಟಕ್ಕೇ ಕಟ್ಟಿದರು.

ಅತ್ತೆ ಬಕೆಟ್ಟನ್ನು ಎತ್ತಿ ಎಡಗಡೆಗೆ ಇಟ್ಟುಕೊಂಡರು. ಯೋಚಿಸಿ ಇಟ್ಟುಕೊಂಡದ್ದಲ್ಲ. ಮೈಗೆ ಗೊತ್ತಿತ್ತು. ಬಲಗೈ ಕಂಬಿ ಹಿಡಿಯಿತು. ಮೊದಲ ಮೆಟ್ಟಿಲು ಕಿಣಿ ಎಂದಿತು. ಸೊಂಟ ಕಿಣಿ ಎಂದಿತು. ಜನ ಹೋ ಎಂದರು. ಅತ್ತೆ ಹತ್ತಿದರು. ಒಮ್ಮೆ ತಲೆ ಎತ್ತಿ ತೆರೆದ ಕಿಟಕಿಗಳನ್ನು ನೋಡಿದರು. ಯಾರೂ ಮುಚ್ಚುತ್ತಿಲ್ಲ ಏಕೆಂದು ಅವರಿಗೆ ಅರ್ಥವಾಗಲಿಲ್ಲವೇನೋ, ಕಾಲು ತಡವರಿಸಿತು.

ತಿರುವಿನಲ್ಲಿ ಫೋಟೋ ತೆಗೆಯುವವನು ಮೇಲಿನಿಂದ ಇಳಿದು ಬಂದ. ಎದುರುಬದುರಾದರು.

ಅತ್ತೆ ಗೋಡೆಯ ಕಡೆ ತಿರುಗಿ ನಿಂತರು.

"ಅಜ್ಜಿ, ಈ ಕಡೆ ನೋಡಿ. ಅಜ್ಜೀ, ಇಲ್ಲಿ."

ಅವರು ನೋಡಲಿಲ್ಲ. ಹಣೆ ಗೋಡೆಗೆ ತಾಗಿತ್ತು. ಬಕೆಟ್ಟು ಸೊಂಟದಲ್ಲೇ ಇತ್ತು. ಅವನು ದಾಟಿ ಹೋಗಲೆಂದು ಕಾಯುತ್ತಿದ್ದರು.

"ಪಾಪ, ನಾಚಿಕೊಂಡ್ರು!" ಎಂದು ಮೇಲಿನ ಕಿಟಕಿಯಿಂದ ಒಬ್ಬರು ಹೇಳಿದರು. ಎಲ್ಲರೂ ಪ್ರೀತಿಯಿಂದ ನಕ್ಕರು. ಮಕ್ಕಳೂ ನಕ್ಕರು. ಗುಬ್ಬಿ ನಗಲಿಲ್ಲ.

"ಹೋಗಿ, ಸ್ವಲ್ಪ ಧೈರ್ಯ ಹೇಳಿ ಅವರಿಗೆ," ಎಂದು ಮೇಡಂ ನನ್ನ ಹತ್ತಿರ ಬಂದರು.

ನಾನು ಕೇಳಿದೆ. "ಮೇಡಂ, ಇಲ್ಲಿ ಏನು ಹೊರ್ತಿದ್ರು ಅಂತ ನಿಮಗೆ ಗೊತ್ತಾ?"

ಮೇಡಂ ಮೈಕನ್ನು ಅಂಗೈಯಿಂದ ಮುಚ್ಚಿದರು. ದನಿ ಮೆತ್ತಗಾಯಿತು. "ಗೊತ್ತಮ್ಮ. ಎಲ್ಲಾ ಓದಿದ್ದೀವಿ. ಗಂಟೆ ಎಲ್ಲಿ ಕಟ್ತಿದ್ರು ಅನ್ನೋದೂ ಗೊತ್ತು. ಆದರೆ ಮಕ್ಕಳಿಗೆ ಅದೆಲ್ಲಾ ಯಾಕೆ? ಅವರಿಗೆ ಸಂತೋಷದ ಕಥೆ ಬೇಕಲ್ವಾ? ಅದಕ್ಕೇ ಚಾಕೊಲೇಟ್. ನೋವನ್ನ ಆಟ ಮಾಡ್ತಿದ್ದೀವಿ."

ಗೊತ್ತಿತ್ತು ಅವರಿಗೆ. ಗೊತ್ತಿಲ್ಲದೆ ಮಾಡಿದ್ದಾರೆ ಎಂದುಕೊಂಡು ಇಷ್ಟು ದಿನ ಅವರ ಪರವಾಗಿ ನಾನೇ ನಾಚಿಕೊಂಡಿದ್ದೆ.

ಪೊರಕೆ ಬಿಟ್ಟೆ. ಮೆಟ್ಟಿಲು ಹತ್ತಿದೆ. ಪ್ರತಿ ಹೆಜ್ಜೆಗೂ ಅದು ಕಿಣಿಕಿಣಿ ಎಂದು ನನ್ನನ್ನು ಅಣಕಿಸಿತು. ಅತ್ತೆಯ ಸೊಂಟದ ರಿಬ್ಬನ್ನಿಗೆ ಕೈ ಹಾಕಿದೆ. ಗಂಟು ಬಿಗಿಯಾಗಿತ್ತು. ಹಲ್ಲಿನಿಂದ ಎಳೆದು ಬಿಚ್ಚಿದೆ.

"ಏಯ್! ಏನ್ ಮಾಡ್ತಿದ್ದೀಯಾ? ಇಳಿ ಕೆಳಗೆ!" ಸೂಪರ್‌ವೈಸರ್ ಕೂಗಿದರು.

"ಅತ್ತೇ, ತಿರುಗಿ. ಯಾರೂ ದಾಟ್ತಿಲ್ಲ. ಬಕೆಟ್ ಇಳ್ಸಿ."

"ಇಳಿಸೋ ಹಂಗಿಲ್ಲ ಕಣೇ," ಎಂದು ಅತ್ತೆ ಗೋಡೆಗೆ ಹೇಳಿದರು.

"ಇಳ್ಸಿ ಅತ್ತೆ."

ಅವರು ತಿರುಗಿದರು. ಹಣೆಗೆ ಸುಣ್ಣ ಮೆತ್ತಿತ್ತು. ಬಕೆಟ್ಟಿನೊಳಗಿನ ಚಾಕೊಲೇಟನ್ನು ನೋಡಿದರು. ಕೆಳಗೆ ಬಾಯಿ ತೆರೆದು ನಿಂತ ಮಕ್ಕಳನ್ನು ನೋಡಿದರು. ಅವರ ಮುಖದಲ್ಲಿ ಏನೋ ಗಟ್ಟಿಯಾಯಿತು. ಬಕೆಟ್ಟನ್ನು ಮೆಟ್ಟಿಲಿನ ಮೇಲೆ ಕುಕ್ಕಿದರು. ನಾಲ್ಕಾರು ಚಾಕೊಲೇಟು ಹಾರಿ ಕೆಳಗೆ ಉರುಳಿದವು.

"ಮಕ್ಕಳ ಬಾಯಿಗೆ ಹೋಗೋದನ್ನ ನಾನು ಇಲ್ಲಿ ಹೊರಲ್ಲ," ಎಂದರು. "ಯಾರಿಗೆ ಬೇಕೋ ಅವರು ಹೊರಲಿ."

ಅಂಗಳದಲ್ಲಿ ನಗು ನಿಂತಿತು. ಮೇಡಂ ಮೈಕನ್ನು ಕೆಳಗಿಳಿಸಿದರು. ಸೂಪರ್‌ವೈಸರ್ ನನ್ನ ಕಡೆ ಬೆರಳು ತೋರಿಸಿ, "ನಾಳೆಯಿಂದ ಈ ಕಡೆ ತಲೆ ಹಾಕ್ಬೇಡ ನೀನು," ಎಂದರು. ಬಗ್ಗಿ ಚಾಕೊಲೇಟು ಹೆಕ್ಕತೊಡಗಿದರು.

ಗುಬ್ಬಿ ಸಾಲು ಬಿಟ್ಟು ಓಡಿಬಂದಳು. ಟೀಚರು ಕರೆದರೂ ನಿಲ್ಲಲಿಲ್ಲ. ಹತ್ತಿ ಬಂದು ನಮ್ಮ ಕೆಳಗಿನ ಮೆಟ್ಟಿಲಿನಲ್ಲಿ ನಿಂತಳು. ನನ್ನನ್ನು ನೋಡಲಿಲ್ಲ. ಅಜ್ಜಿಯನ್ನು ನೋಡಿದಳು.

"ಹೂವು ಅಲ್ವಾ ಅಜ್ಜಿ?"

ಅತ್ತೆ ನನ್ನ ಮುಖ ನೋಡಿದರು. ನನ್ನ ಒಪ್ಪಿಗೆ ಕೇಳುತ್ತಿದ್ದರು. ಮೊಮ್ಮಗಳಿಗೆ ತಮ್ಮ ಬಾಳನ್ನು ಹೇಳಲು ಆ ಹೆಂಗಸಿಗೆ ನನ್ನ ಒಪ್ಪಿಗೆ ಬೇಕಾಗಿತ್ತು. ಆ ನಾಚಿಕೆ ಇವತ್ತಿಗೂ ನನ್ನ ಮೈಯಿಂದ ಇಳಿದಿಲ್ಲ. ನಾನು ತಲೆ ಆಡಿಸಿದೆ.

"ಅಲ್ಲ ಮಗಾ," ಎಂದರು ಅತ್ತೆ. "ಇಲ್ಲಿ ಇದ್ದೋರ ಕಕ್ಕಸನ್ನ ಬಕೆಟ್ಟಿಗೆ ತುಂಬಿ ಕೆಳಗೆ ಇಳಿಸ್ತಿದ್ದೆ. ದಿನಾ."

ಗುಬ್ಬಿ ಅಜ್ಜಿಯ ಕೈಯನ್ನು ನೋಡಿದಳು. ಈಗ ಮೂಗು ಹಿಡಿಯುತ್ತಾಳೆ, ಈಗ ಹಿಂದೆ ಸರಿಯುತ್ತಾಳೆ ಎಂದುಕೊಂಡೆ. ಅವಳು ಸರಿಯಲಿಲ್ಲ. ಆ ಕೈಯನ್ನು ಹಿಡಿದುಕೊಂಡಳು. ಹಿಡಿದುಕೊಂಡೇ ತಲೆ ಎತ್ತಿ ಒಂದೊಂದೇ ಕಿಟಕಿ ನೋಡುತ್ತಾ ಹೋದಳು. ಗಂಡಸರು, ಹೆಂಗಸರು, ಮೊಣಕೈಗಳು, ಕನ್ನಡಕಗಳು. ಹುಬ್ಬು ಗಂಟಾಯಿತು. ಲೆಕ್ಕ ತಪ್ಪಾದಾಗ ಅವಳು ಹಾಗೆ ಮಾಡುತ್ತಾಳೆ.

ಅವಳು ಬಾಯಿ ತೆರೆದಳು. ಅಭ್ಯಾಸಬಲದಿಂದ ಅದನ್ನು ಮುಚ್ಚಲು ನನ್ನ ಕೈ ಎದ್ದಿತು. ಆದರೆ ಆ ಕೈಯಲ್ಲಿ ಗಂಟೆಯಿತ್ತು. ಅದು ಸದ್ದು ಮಾಡಿತು. ಕಿಟಕಿಯಲ್ಲಿದ್ದವರೆಲ್ಲ ನಮ್ಮ ಕಡೆಗೇ ತಿರುಗಿದರು. ನಾನು ಕೈ ಇಳಿಸಿದೆ.

"ಅಜ್ಜೀ," ಎಂದು ಗುಬ್ಬಿ ಇಡೀ ಅಂಗಳಕ್ಕೆ ಕೇಳುವ ಹಾಗೆ ಕೇಳಿದಳು, "ಅವರದನ್ನ ಅವರೇ ಯಾಕೆ ಇಳಿಸ್ಲಿಲ್ಲ?"